ಬಸ್ಸು ಒಂದೇ, ಗಡಿಯಲ್ಲಿ ಒಬ್ಬೊಬ್ಬರೇ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಜನ ಗುಂಪು ಕಟ್ಟಿಕೊಂಡು ಬಸ್ಸಿನಲ್ಲಿ ದೇಶದ ಗಡಿ ದಾಟುವ ಪ್ರವಾಸಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ಊರಿನಿಂದಲೇ ಬಸ್ಸು ಗೊತ್ತುಮಾಡಿ, ಅಡುಗೆಯವರನ್ನೂ ಪಾತ್ರೆಪಡಗಗಳನ್ನೂ ಏರಿಸಿಕೊಂಡು, ಕಾಶಿ, ಪ್ರಯಾಗ, ಅಯೋಧ್ಯೆಗಳನ್ನು ಕಂಡು, ಗೋರಖಪುರದಿಂದ ಸುಮಾರು 100 ಕಿಲೋಮೀಟರ್ ಆಚೆಗಿರುವ ಸೋನೌಲಿಯಲ್ಲಿ ನೇಪಾಳವನ್ನು ಹೊಕ್ಕು, ಕಠ್ಮಂಡುವಿನ ಪಶುಪತಿನಾಥನ ದರ್ಶನ ಮಾಡಿಕೊಂಡು ಪೋಖರಾ, ಮುಕ್ತಿನಾಥಗಳ ಕಡೆಗೆ ಹೋಗಿಬರುವ ಯಾತ್ರೆ ಮೊದಲನೆಯದು. ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ವಿಮಾನದಲ್ಲಿ ಯುರೋಪು ತಲುಪಿ, ಅಲ್ಲಿಂದ ಮುಂದೆ ಎರಡು ವಾರಗಳ ಕಾಲ ಒಂದೇ ಬಸ್ಸಿನಲ್ಲಿ ಐದಾರು ದೇಶಗಳನ್ನು ಸುತ್ತುವ ಪ್ರವಾಸ ಎರಡನೆಯದು. ಮೊದಲನೆಯದು ಶ್ರದ್ಧೆಯಿಂದ ಹುಟ್ಟಿದ್ದು, ಹಳೆಯದು. ಎರಡನೆಯದು ಕಬ್ಬು, ಸಕ್ಕರೆ, ನೇಕಾರಿಕೆಗಳ ಗಳಿಕೆಯಿಂದಲೂ ವಿದೇಶದಲ್ಲಿ ನೆಲೆಸಿದ ಮಕ್ಕಳ ಒತ್ತಾಸೆಯಿಂದಲೂ ಬೆಳೆದದ್ದು.

ಗಡಿ ತಪಾಸಣೆ ಎಂದರೆ ಒಂದು ದೇಶವನ್ನು ಬಿಡುವಾಗ ಮತ್ತು ಇನ್ನೊಂದನ್ನು ಹೊಗುವಾಗ ಪ್ರಯಾಣಿಕರ ಗುರುತು, ಪೌರತ್ವ, ಉದ್ದೇಶ ಮತ್ತು ಸಾಮಾನುಗಳನ್ನು ಅಧಿಕಾರಿಗಳು ಪರಿಶೀಲಿಸುವ ಕ್ರಮ. ಊರಿನಲ್ಲಿ ಕೂಡಿದ ತಂಡವು ಒಂದು ಕೂಡುಕುಟುಂಬದಂತೆ ನಡೆಯುತ್ತದೆ. ಹಣ ಒಬ್ಬರ ಬಳಿ, ಕಾಗದಪತ್ರಗಳು ಇನ್ನೊಬ್ಬರ ಬಳಿ, ಔಷಧ ಮತ್ತೊಬ್ಬರ ಚೀಲದಲ್ಲಿ ಇರುತ್ತವೆ. ಆದರೆ ಗಡಿಯಲ್ಲಿ ಆ ಕುಟುಂಬ ಬಿಡಿಬಿಡಿಯಾಗುತ್ತದೆ. ಜೀವಮಾನದಲ್ಲಿ ಯಾವ ಕಚೇರಿಯಲ್ಲಿಯೂ ತನ್ನ ಪರವಾಗಿ ತಾನೇ ಮಾತನಾಡದ ಅಜ್ಜಿಯೂ ತನ್ನ ಹೆಸರು, ತನ್ನ ಮುಖ, ತನ್ನ ಬೆರಳುಗಳೊಂದಿಗೆ ಒಬ್ಬಳೇ ನಿಲ್ಲಬೇಕಾಗುತ್ತದೆ. ಅವಳ ಕಾಗದದಲ್ಲಿ ತೊಡಕಿದ್ದರೆ ನಲವತ್ತು ಜನರ ಬಸ್ಸು ನಿಲ್ಲುತ್ತದೆ. ಆದುದರಿಂದ ತಂಡದ ಮುಂದಾಳುಗಳು ಸಿದ್ಧತೆಯನ್ನು ಓಡಾಡಿ ಬಲ್ಲವರಿಂದಲ್ಲ, ಅಂಥ ಅಜ್ಜಿಯಿಂದಲೇ ಆರಂಭಿಸುವುದು ಉಚಿತ.

ಈ ಸೀಮೆಗೆ ಗಡಿಗಳು ಅಪರಿಚಿತವಲ್ಲ. 1948ರವರೆಗೆ ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ ಇದ್ದವು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯೊಳಗಿತ್ತು. ಎತ್ತಿನ ಬಂಡಿ ಸಾಗುವಷ್ಟು ದೂರದಲ್ಲಿ ನಾಲ್ಕು ಆಡಳಿತಗಳಿದ್ದ ನೆಲವಿದು.

ನೇಪಾಳದ ದಾರಿ

ಭಾರತ ಮತ್ತು ನೇಪಾಳಗಳ ನಡುವಿನ ಗಡಿಯನ್ನು ತೆರೆದ ಗಡಿ ಎಂದು ಕರೆಯುವುದು ವಾಡಿಕೆ. 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದ ನೆರಳಿನಲ್ಲಿ ಎರಡೂ ದೇಶಗಳ ಪ್ರಜೆಗಳು ವೀಸಾ ಇಲ್ಲದೆ ಓಡಾಡುತ್ತಾರೆ. ವೀಸಾ ಎಂದರೆ ಅನ್ಯದೇಶವೊಂದು ತನ್ನ ನೆಲಕ್ಕೆ ಬರಲು ಮುಂಗಡವಾಗಿ ಕೊಡುವ ಅನುಮತಿ. ತೆರೆದ ಗಡಿ ಎಂಬ ಮಾತನ್ನು ಕಾಗದವೇ ಬೇಡವೆಂಬ ಅರ್ಥದಲ್ಲಿ ತೆಗೆದುಕೊಳ್ಳುವುದೇ ಈ ಯಾತ್ರೆಯ ಮೊದಲ ತಪ್ಪು. ಗಡಿಯ ಭಾರತದ ಬದಿಯನ್ನು ಸಶಸ್ತ್ರ ಸೀಮಾ ಬಲ್ ಕಾಯುತ್ತದೆ. ಅದರ ಸಿಬ್ಬಂದಿ ಬಸ್ಸನ್ನು ಏರಿ ಗುರುತಿನ ಚೀಟಿಗಳನ್ನು ಕೇಳುವ ಅಧಿಕಾರ ಹೊಂದಿದ್ದಾರೆ. 2025ರ ಸೆಪ್ಟೆಂಬರ್ 1ರಿಂದ ಭಾರತದಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದು ನಾಲ್ಕು ಹಳೆಯ ಕಾಯ್ದೆಗಳು ರದ್ದಾದಾಗಲೂ ನೇಪಾಳದ ಗಡಿಯಿಂದ ಮರಳುವ ಭಾರತೀಯರಿಗೆ ಪಾಸ್‌ಪೋರ್ಟ್ ಮತ್ತು ವೀಸಾಗಳಿಂದ ವಿನಾಯಿತಿ ಮುಂದುವರಿಯಿತು. ತಾನು ಭಾರತೀಯನೆಂದು ತೋರಿಸುವ ಹೊಣೆಯಿಂದ ಮಾತ್ರ ಆ ವಿನಾಯಿತಿ ಯಾರನ್ನೂ ಬಿಡುಗಡೆ ಮಾಡುವುದಿಲ್ಲ.

ಹಾಗೆ ತೋರಿಸಲು ಒಪ್ಪಿತವಾದ ದಾಖಲೆಗಳು ಮುಖ್ಯವಾಗಿ ಎರಡು: ಅವಧಿ ಮುಗಿಯದ ಪಾಸ್‌ಪೋರ್ಟ್, ಅಥವಾ ಚುನಾವಣಾ ಆಯೋಗ ಕೊಟ್ಟ ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ. ಬ್ಯಾಂಕು, ಪಡಿತರ, ಸಿಮ್ ಎಲ್ಲಕ್ಕೂ ಸಲ್ಲುವ ಆಧಾರ್ ಇಲ್ಲಿ ಏಕೆ ಸಾಲದು ಎಂಬ ಪ್ರಶ್ನೆ ಪ್ರತಿ ತಂಡದಲ್ಲೂ ಏಳುತ್ತದೆ. ಆಧಾರ್ ಸಂಖ್ಯೆ ನಿವಾಸಿಯ ಗುರುತಿನದು. ಅದು ಪೌರತ್ವದ ಪುರಾವೆಯಲ್ಲವೆಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ಮತದಾರರ ಪಟ್ಟಿಯಲ್ಲಿ ಪ್ರಜೆಗಳು ಮಾತ್ರ ಇರಬಹುದಾದುದರಿಂದ ಆ ಚೀಟಿಗೆ ಗಡಿಯಲ್ಲಿ ಬೆಲೆ ಬಂದಿದೆ. 15 ವರ್ಷದೊಳಗಿನ ಮಕ್ಕಳು ಮತ್ತು 65 ದಾಟಿದ ಹಿರಿಯರಿಗೆ ಮಾತ್ರ ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಪಡಿತರ ಚೀಟಿಯಂಥ ವಯಸ್ಸು ಮತ್ತು ಗುರುತುಗಳನ್ನು ಸಾರುವ ಭಾವಚಿತ್ರದ ದಾಖಲೆ ನಡೆಯುತ್ತದೆ. 15ರಿಂದ 18ರ ನಡುವಿನ ಮಕ್ಕಳಿಗೆ ಶಾಲೆ ಅಥವಾ ಕಾಲೇಜಿನ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಗುರುತಿನ ಪತ್ರ ಕೊಡಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಹೊರಡುವ ತಂಡಗಳು ಶಾಲೆಗಳಿಗೆ ಬೀಗ ಬೀಳುವ ಮುನ್ನವೇ ಅದನ್ನು ಬರೆಸಿಕೊಳ್ಳಬೇಕು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಮತ್ತು ತಂದೆತಾಯಿ ಕೂಡಿ ಹೊರಟ ಕುಟುಂಬದಲ್ಲಿ ಒಬ್ಬ ವಯಸ್ಕರ ಬಳಿ ಒಪ್ಪಿತ ದಾಖಲೆ ಇದ್ದರೆ ಉಳಿದವರಿಗೆ ಭಾವಚಿತ್ರವಿರುವ ಬೇರೆ ಗುರುತು ಮತ್ತು ಸಂಬಂಧದ ಪುರಾವೆ ಸಾಕೆಂಬ ರಿಯಾಯಿತಿಯೂ ಇದೆ. ಆದರೆ ಈ ರಿಯಾಯಿತಿ ಕುಟುಂಬಕ್ಕೆ ಮೀಸಲು. ಒಂದೇ ಓಣಿಯವರು, ಒಂದೇ ಭಜನಾ ಮಂಡಳಿಯವರು, ಒಂದೇ ಸ್ವಸಹಾಯ ಸಂಘದವರು ನಿಯಮದ ಕಣ್ಣಿಗೆ ಕುಟುಂಬವಲ್ಲ.

ಕರ್ನಾಟಕದ ಪಡಿತರ ಚೀಟಿಯ ಬರಹ ಕನ್ನಡದಲ್ಲಿರುತ್ತದೆ. ಸೋನೌಲಿಯಲ್ಲಿ ಅದನ್ನು ಕೈಗೆತ್ತಿಕೊಳ್ಳುವ ಸಿಬ್ಬಂದಿಗೆ ಒಂದಕ್ಷರವೂ ತಿಳಿಯದೆ ಹೋಗಬಹುದು. ಸಂಬಂಧವನ್ನು ಸಾಬೀತುಪಡಿಸುವ ಕಾಗದ ಓದಲಾಗದಿದ್ದರೆ ಇದ್ದೂ ಇಲ್ಲದಂತೆ. ಆದುದರಿಂದ ಪಡಿತರ ಚೀಟಿಯನ್ನೇ ನಂಬಿ ಹೊರಡುವ ಕುಟುಂಬಗಳು ಇಂಗ್ಲಿಷ್ ಅಕ್ಷರಗಳೂ ಇರುವ ಆಧಾರ್‌ಗಳನ್ನು ಜೊತೆಗೆ ಇಟ್ಟುಕೊಳ್ಳಬೇಕು. ಪ್ರಾಂಶುಪಾಲರ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಬೇಕು.

ಭೂಮಾರ್ಗದಲ್ಲಿ ಹೋದವರು ಭೂಮಾರ್ಗದಲ್ಲೇ ಮರಳುತ್ತಾರೆಂಬ ಭರವಸೆ ಇಲ್ಲ. ಹಿರಿಯರೊಬ್ಬರ ಆರೋಗ್ಯ ಕೆಟ್ಟು ಕಠ್ಮಂಡುವಿನಿಂದ ವಿಮಾನ ಹತ್ತಿಸಬೇಕಾಗಿ ಬಂದರೆ ಅವರ ಜೊತೆಗೆ ಹೋಗುವವರ ಬಳಿಯೂ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಇರಬೇಕಾಗುತ್ತದೆ. 2025ರ ಸೆಪ್ಟೆಂಬರ್ 8 ಮತ್ತು 9ರಂದು ನೇಪಾಳದಲ್ಲಿ ಯುವಜನರ ಪ್ರತಿಭಟನೆ ಭುಗಿಲೆದ್ದು ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿದಾಗ ಅಲ್ಲಿದ್ದ ಯಾತ್ರಿಕರು ಯಾವ ದಾರಿ ತೆರೆಯುತ್ತದೆ ಎಂದು ಕಾಯಬೇಕಾಯಿತು. ಅಂಥ ಹೊತ್ತಿನಲ್ಲಿ ಎರಡೂ ದಾರಿಗೆ ಸಲ್ಲುವ ದಾಖಲೆ ಇದ್ದವರೇ ನಿರಾಳ. ಕಠ್ಮಂಡುವಿನಲ್ಲಿ ಭಾರತದ ರಾಯಭಾರ ಕಚೇರಿಯೂ, ರಕ್ಸೌಲ್‌ಗೆ ಎದುರಾಗಿರುವ ಬೀರಗಂಜ್‌ನಲ್ಲಿ ಭಾರತದ ಕಾನ್ಸುಲೇಟ್ ಕಚೇರಿಯೂ ಇವೆ. ಇವೆರಡರ ದೂರವಾಣಿ ಸಂಖ್ಯೆಗಳು ಪ್ರತಿಯೊಬ್ಬರ ಜೇಬಿನಲ್ಲಿ ಕಾಗದದ ಮೇಲೆ ಬರೆದಿರಬೇಕು, ಏಕೆಂದರೆ ಬ್ಯಾಟರಿ ಮುಗಿದ ಮೊಬೈಲಿನೊಳಗಿನ ಸಂಖ್ಯೆ ಯಾರಿಗೂ ಉಪಯೋಗಕ್ಕೆ ಬಾರದು.

ವಿದೇಶದಲ್ಲಿ ಹುಟ್ಟಿದ ಮೊಮ್ಮಕ್ಕಳು ರಜೆಗೆ ಬಂದಿದ್ದು ಅಜ್ಜ-ಅಜ್ಜಿಯರ ಯಾತ್ರೆಗೆ ಕೂಡಿಕೊಂಡರೆ ಲೆಕ್ಕವೇ ಬೇರೆ. ಅಮೆರಿಕದ ಅಥವಾ ಬ್ರಿಟನ್ನಿನ ಪಾಸ್‌ಪೋರ್ಟ್ ಇರುವ ಮಗು, ಸಾಗರೋತ್ತರ ಭಾರತೀಯ ನಾಗರಿಕ ಎಂಬ ಕಾರ್ಡು ಹೊಂದಿದ್ದರೂ, ನೇಪಾಳಕ್ಕೆ ವಿದೇಶಿಯೇ. ಅದಕ್ಕೆ ನೇಪಾಳದ ವೀಸಾ ಬೇಕು, ಮತ್ತು ವಲಸೆ ಕಚೇರಿ ಇರುವ ಗಡಿಯಲ್ಲಿಯೇ ಭಾರತದಿಂದ ಹೊರಟದ್ದನ್ನು ದಾಖಲಿಸಿಕೊಂಡು ಹೋಗಬೇಕು. ಬಸ್ಸು ಗಡಬಡಿಸಿ ಗಡಿ ದಾಟಿದರೆ ಆ ಮಗುವಿನ ಪಾಸ್‌ಪೋರ್ಟಿನಲ್ಲಿ ನಿರ್ಗಮನದ ಮುದ್ರೆ ಬೀಳದೆ, ಮರಳುವಾಗ ದೊಡ್ಡ ತೊಡಕಾಗುತ್ತದೆ.

ಬಸ್ಸಿಗೂ ಕಾಗದ ಬೇಕು. ನೇಪಾಳದ ಸುಂಕದ ಕಚೇರಿಯನ್ನು ಅಲ್ಲಿನವರು ಭನ್ಸಾರ್ ಎನ್ನುತ್ತಾರೆ. ಸೋನೌಲಿಯ ಎದುರು ಬದಿಯ ಬೇಲಹಿಯಾದಲ್ಲಿ ವಾಹನದ ನೋಂದಣಿ ಪತ್ರ, ವಿಮೆ, ಪರ್ಮಿಟ್, ಚಾಲಕರ ಪರವಾನಗಿಗಳನ್ನು ತೋರಿಸಿ, ಉಳಿಯುವ ದಿನಗಳಿಗೆ ತಕ್ಕ ಶುಲ್ಕ ಕಟ್ಟಿ, ಅನುಮತಿ ಪಡೆಯಬೇಕು. ದಿನಗಳನ್ನು ಬಿಗಿಯಾಗಿ ಲೆಕ್ಕಹಾಕದೆ ಒಂದು ದಿನ ಹೆಚ್ಚಾಗಿ ಪಡೆಯುವುದು ಜಾಣತನ, ಏಕೆಂದರೆ ಮಳೆಗಾಲದಲ್ಲಿ ಕಠ್ಮಂಡುವಿನ ದಾರಿಯ ನಾರಾಯಣಗಢ-ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದರೆ ಬಸ್ಸು ದಿನವಿಡೀ ನಿಲ್ಲಬಹುದು. ಯಾತ್ರಿಕರೆಲ್ಲರ ಚೀಟಿಗಳನ್ನು ಕೂಡಿಸಿದ ಮುಂದಾಳುಗಳು ಚಾಲಕರು, ಕ್ಲೀನರ್ ಮತ್ತು ಅಡುಗೆಯವರ ಚೀಟಿಗಳನ್ನು ಮರೆಯುವುದುಂಟು. ಅವರೂ ಗಡಿ ದಾಟುವ ಮನುಷ್ಯರೇ. ಹಣದ ವಿಷಯದಲ್ಲಿ ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ ಎಂಬ ದರ 1993ರಿಂದ ಸ್ಥಿರವಾಗಿದೆ. 200, 500ರ ಭಾರತೀಯ ನೋಟುಗಳನ್ನು ನೇಪಾಳ 2018ರ ಡಿಸೆಂಬರ್‌ನಲ್ಲಿ ನಿಷೇಧಿಸಿತ್ತು. ದೊಡ್ಡ ನೋಟುಗಳ ಬಗೆಗಿನ ನಿಯಮವನ್ನು ಹೊರಡುವ ವಾರದಲ್ಲಿ ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಂಡು, ಹೇಗೂ ಇರಲೆಂದು 100ರ ನೋಟುಗಳ ಕಟ್ಟನ್ನು ಇಟ್ಟುಕೊಳ್ಳುವುದು ಕ್ಷೇಮ.

ಯಾತ್ರಿಕರ ಹೆಸರು, ವಯಸ್ಸು, ರಕ್ತದ ಗುಂಪು, ಮನೆಯ ಸಂಪರ್ಕ ಸಂಖ್ಯೆಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಹಲವು ಪ್ರತಿಗಳನ್ನು ಬಸ್ಸಿನಲ್ಲಿ, ಎರಡನ್ನು ಊರಿನಲ್ಲಿ ಇಡುವುದು ಸಣ್ಣ ಕೆಲಸವೆನಿಸಬಹುದು. ಆದರೆ 2024ರ ಆಗಸ್ಟ್ 23ರಂದು ಮಹಾರಾಷ್ಟ್ರದ ಜಳಗಾಂವ್ ಕಡೆಯ ಯಾತ್ರಿಕರಿದ್ದ ಬಸ್ಸು ನೇಪಾಳದ ತನಹುಂ ಜಿಲ್ಲೆಯಲ್ಲಿ ಮರ್ಸ್ಯಾಂಗ್ದಿ ನದಿಗೆ ಉರುಳಿ 25ಕ್ಕೂ ಹೆಚ್ಚು ಜನ ಸತ್ತರು. ಅಂಥ ದುರಂತದಲ್ಲಿ ಊರಿನವರೂ ಅಧಿಕಾರಿಗಳೂ ಮೊದಲು ಕೇಳುವುದು ಈ ಪಟ್ಟಿಯನ್ನೇ.

ಪಶುಪತಿನಾಥನ ಗರ್ಭಗುಡಿಯಲ್ಲಿ ಪರಂಪರೆಯಿಂದ ಪೂಜೆ ನಡೆಸುತ್ತ ಬಂದ ಭಟ್ಟರು ಕರ್ನಾಟಕ ಮೂಲದವರು. ಅಷ್ಟು ದೂರ ಹೋದ ಯಾತ್ರಿಕರಿಗೆ ಅಲ್ಲಿ ತಮ್ಮ ಸೀಮೆಯ ಎಳೆಯೊಂದು ಸಿಕ್ಕಾಗ ಆಗುವ ಸಂತೋಷಕ್ಕೆ ಸೋನೌಲಿಯ ಕಾಗದದ ಜಂಜಾಟ ಅಡ್ಡಿಯಾಗಬಾರದೆಂಬುದೇ ಇಷ್ಟೆಲ್ಲ ಎಚ್ಚರಿಕೆಯ ಹಿಂದಿನ ಕಳಕಳಿ.

ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು

ಯಾವ ಗಡಿಯಾದರೂ, ಈ ಭಾಗದ ಪ್ರಯಾಣಿಕರಿಗೆ ಹೆಚ್ಚು ತೊಂದರೆ ಕೊಡುವುದು ದಾಖಲೆಗಳ ಕೊರತೆಗಿಂತ ದಾಖಲೆಗಳ ನಡುವಿನ ಹೊಂದಾಣಿಕೆಯ ಕೊರತೆ. ಮನೆಯಲ್ಲಿ ಗಂಗವ್ವ, ಮತದಾರರ ಪಟ್ಟಿಯಲ್ಲಿ ಗಂಗಾಬಾಯಿ, ಬ್ಯಾಂಕಿನ ಪುಸ್ತಕದಲ್ಲಿ ಗಂಗಮ್ಮ ಆಗಿರುವ ಒಬ್ಬಳೇ ಹೆಣ್ಣುಮಗಳು ಊರಿನಲ್ಲಿ ಯಾರಿಗೂ ಗೊಂದಲ ಹುಟ್ಟಿಸುವುದಿಲ್ಲ. ಆದರೆ ಯಂತ್ರಕ್ಕೆ ಅವಳು ಮೂವರು. ಮದುವೆಯ ನಂತರ ತವರಿನ ಅಡ್ಡಹೆಸರು ಹೋಗಿ ಗಂಡನ ಮನೆಯ ಅಡ್ಡಹೆಸರು ಬರುವುದು, ತಂದೆಯ ಹೆಸರಿನ ಸ್ಥಾನದಲ್ಲಿ ಗಂಡನ ಹೆಸರು ಕೂರುವುದು ಇಲ್ಲಿ ಸಾಮಾನ್ಯ. ಪಹಣಿ ಮತ್ತು ಕೋರ್ಟು ಕಾಗದಗಳಲ್ಲಿ ಇಂಥವರ ಹೆಂಡತಿ ಎಂಬರ್ಥದಲ್ಲಿ ಬರೆಯುವ ‘ಕೋಂ’ ಎಂಬ ಸಂಕ್ಷೇಪ ಕೂಡ ಟೈಪಿಸುವವರ ಅವಸರದಲ್ಲಿ ಹೆಸರಿನ ಭಾಗವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಬಿಡುವುದುಂಟು. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮುನ್ನ ಈ ಹೆಸರುಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದುಕೊಂಡು ನೋಡಿದರೆ ತಿದ್ದಬೇಕಾದದ್ದು ಯಾವುದೆಂದು ತಾನಾಗಿಯೇ ತಿಳಿಯುತ್ತದೆ. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಹುಟ್ಟಿದ ದಿನಾಂಕವನ್ನು ಒಂದೇ ಬಾರಿ ತಿದ್ದಿಸಲು ಅವಕಾಶವಿರುವುದರಿಂದ, ಯಾವ ರೂಪ ಕೊನೆಯದೆಂದು ಕುಟುಂಬದಲ್ಲಿ ತೀರ್ಮಾನವಾಗದೆ ತಿದ್ದುಪಡಿಗೆ ಕೈಹಾಕಬಾರದು. ಮತದಾರರ ಚೀಟಿಯ ತಿದ್ದುಪಡಿಗೆ ನಮೂನೆ 8 ಇದೆ.

ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟದ ಬುಡದಲ್ಲಿ 44 ಅಕ್ಷರಗಳ ಎರಡು ಸಾಲುಗಳಿರುತ್ತವೆ. ಗಡಿಯ ಯಂತ್ರ ಓದುವುದು ಆ ಸಾಲುಗಳನ್ನೇ. ಅದರಲ್ಲಿ ಅಡ್ಡಹೆಸರು ಮೊದಲು, ಉಳಿದ ಹೆಸರು ಅನಂತರ ಬರುತ್ತದೆ. ವಿಮಾನದ ಟಿಕೆಟ್, ವೀಸಾ ಅರ್ಜಿ, ವಿಮೆಯ ಪತ್ರ, ಹೋಟೆಲ್ ಕಾಯ್ದಿರಿಸುವಿಕೆ ಎಲ್ಲದರಲ್ಲೂ ಆ ಸಾಲಿನಲ್ಲಿರುವಂತೆಯೇ ಹೆಸರು ಇರಬೇಕು. ಮನೆಯಲ್ಲಿ ಕರೆಯುವಂತೆ ಬರೆಸಿದ ಟಿಕೆಟ್ ತೊಂದರೆಯ ಮೂಲ. ಅಡ್ಡಹೆಸರಿನ ಸ್ಥಳ ಖಾಲಿ ಬಿಟ್ಟು ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆದವರಿಗೆ ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್‌ನಿಂದ ಪ್ರವಾಸಿ ವೀಸಾದ ಮೇಲೆ ಪ್ರವೇಶ ನಿರಾಕರಿಸುತ್ತ ಬಂದುದರಿಂದ, ದುಬೈಯಲ್ಲಿ ಒಂದು ದಿನ ತಂಗಿ ಯುರೋಪಿಗೆ ಹೋಗುವ ಯೋಜನೆಯ ತಂಡಗಳು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಹುಟ್ಟಿದ ದಿನಾಂಕದ್ದು ಇನ್ನೊಂದು ಕಥೆ. ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಕಾಲದ ಹಿರಿಯರಲ್ಲಿ ಜೂನ್ 1ರಂದು ಹುಟ್ಟಿದವರು ಅಚ್ಚರಿಪಡುವಷ್ಟು ಮಂದಿ ಸಿಗುತ್ತಾರೆ. ಶಾಲೆಗೆ ಸೇರಿಸುವಾಗ ಮಾಸ್ತರರು ಶಾಲಾ ವರ್ಷದ ಆರಂಭಕ್ಕೆ ಹೊಂದಿಸಿ ಬರೆದ ದಿನಾಂಕ ಅದು. ಶಾಲೆಯ ಮುಖವನ್ನೇ ಕಾಣದವರ ಆಧಾರ್‌ನಲ್ಲಿ ಬರಿಯ ವರ್ಷವಷ್ಟೇ ಇರುತ್ತದೆ. ನಿಜವಾಗಿ ಎಪ್ಪತ್ತು ತುಂಬಿದ ಅಜ್ಜ ಕಾಗದದಲ್ಲಿ 63ರವನಾಗಿದ್ದರೆ ನೇಪಾಳದ ಗಡಿಯಲ್ಲಿ ಹಿರಿಯರ ವಿನಾಯಿತಿ ಅವನಿಗೆ ದಕ್ಕುವುದಿಲ್ಲ. ನರೆತ ತಲೆಯನ್ನು ತೋರಿಸಿ ವಾದಿಸುವುದರಿಂದ ಪ್ರಯೋಜನವಿಲ್ಲ.

ಊರಿನ ಹೆಸರೂ ಒಂದೇ ರೂಪದಲ್ಲಿ ಉಳಿದಿಲ್ಲ. ಬಾಗಲಕೋಟೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರ ಪ್ರಮಾಣಪತ್ರದಲ್ಲಿ ಬಿಜಾಪುರ ಜಿಲ್ಲೆ ಎಂದಿರುತ್ತದೆ, ಆ ಬಿಜಾಪುರವೂ 2014ರ ನವೆಂಬರ್ 1ರಿಂದ ವಿಜಯಪುರವಾಗಿದೆ. ಜಮಖಂಡಿ, ರಬಕವಿ, ಬನಹಟ್ಟಿಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವಿನ ಒಂದು ಸ್ವರ ಇರುವುದೂ ಉಂಟು, ಬಿಟ್ಟುಹೋಗುವುದೂ ಉಂಟು. ಹಳೆಯ ಜಿಲ್ಲೆಯ ಹೆಸರು ತಪ್ಪಲ್ಲ. ಆದರೆ ಪಾಸ್‌ಪೋರ್ಟಿನಲ್ಲಿ ಯಾವ ರೂಪವಿದೆಯೋ ಅದನ್ನೇ ವೀಸಾ ಅರ್ಜಿಯಲ್ಲಿಯೂ ಅಕ್ಷರ ಬಿಡದೆ ಬರೆಯಬೇಕು. ಇದನ್ನು ಏಜೆಂಟರಿಗೆ ಬಿಟ್ಟುಕೊಟ್ಟರೂ ಅರ್ಜಿಯನ್ನು ಸಲ್ಲಿಸುವ ಮುನ್ನ ಮನೆಯ ಓದುಬಲ್ಲ ಹುಡುಗನೋ ಹುಡುಗಿಯೋ ಪಾಸ್‌ಪೋರ್ಟನ್ನು ಪಕ್ಕಕ್ಕಿಟ್ಟುಕೊಂಡು ಅಕ್ಷರ ಅಕ್ಷರವಾಗಿ ತಾಳೆ ನೋಡಬೇಕು.

ಯುರೋಪಿನ ಹೊಸ ವ್ಯವಸ್ಥೆ

ಯುರೋಪಿನ 29 ದೇಶಗಳು ತಮ್ಮ ನಡುವಿನ ಗಡಿಗಳಲ್ಲಿ ನಿತ್ಯದ ತಪಾಸಣೆಯನ್ನು ಕೈಬಿಟ್ಟು, ಹೊರಗಿನಿಂದ ಬರುವವರನ್ನು ಮೊದಲ ಬಾಗಿಲಲ್ಲಿ ಮಾತ್ರ ಪರೀಕ್ಷಿಸುವ ಒಕ್ಕೂಟವನ್ನು ಶೆಂಗೆನ್ ವಲಯ ಎನ್ನುತ್ತಾರೆ. 1985ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯಲ್ಲಿ ಒಪ್ಪಂದವಾದುದರಿಂದ ಆ ಹೆಸರು. ಬ್ರಿಟನ್, ಐರ್ಲೆಂಡ್, ಸೈಪ್ರಸ್ ಅದರಲ್ಲಿ ಇಲ್ಲ. ಈ ವಲಯದ ಹೊರ ಬಾಗಿಲುಗಳಲ್ಲಿ 2025ರ ಅಕ್ಟೋಬರ್ 12ರಿಂದ ಪ್ರವೇಶ-ನಿರ್ಗಮನ ವ್ಯವಸ್ಥೆ ಎಂಬ ಹೊಸ ಕ್ರಮ ಹಂತಹಂತವಾಗಿ ಆರಂಭವಾಯಿತು. ಅದರ ಪೂರ್ಣ ಜಾರಿಗೆ ನಿಗದಿಯಾದ ದಿನ 2026ರ ಏಪ್ರಿಲ್ 10. ಅಧಿಕಾರಿ ಪಾಸ್‌ಪೋರ್ಟಿನ ಮೇಲೆ ಠಸ್ಸೆ ಒತ್ತುವ ಪದ್ಧತಿಯ ಸ್ಥಾನವನ್ನು ಈಗ ಗಣಕದ ದಾಖಲೆ ತೆಗೆದುಕೊಳ್ಳುತ್ತದೆ: ಯಾರು, ಯಾವ ದಿನ, ಯಾವ ಬಾಗಿಲಿನಿಂದ ಬಂದರು, ಯಾವ ಬಾಗಿಲಿನಿಂದ ಹೋದರು ಎಂಬುದು ಮುಖದ ಚಿತ್ರದೊಂದಿಗೆ ಅದರಲ್ಲಿ ಸೇರುತ್ತದೆ. ವೀಸಾ ಬೇಡದ ದೇಶಗಳವರಿಂದ ಬೆರಳಚ್ಚನ್ನೂ ಗಡಿಯಲ್ಲೇ ಪಡೆಯುತ್ತಾರೆ. ಭಾರತೀಯರು ವೀಸಾಕ್ಕೆ ಅರ್ಜಿ ಹಾಕುವಾಗಲೇ ಹತ್ತು ಬೆರಳುಗಳ ಅಚ್ಚು ಕೊಟ್ಟಿರುವುದರಿಂದ ಗಡಿಯಲ್ಲಿ ಬೆರಳಿಟ್ಟು ತಾಳೆ ನೋಡಿಸಿಕೊಳ್ಳಬೇಕಾಗುತ್ತದೆ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚಿಲ್ಲ, ಮುಖದ ಚಿತ್ರ ಮಾತ್ರ.

ಈ ನೋಂದಣಿಗೆ ಶುಲ್ಕವಿಲ್ಲ. ಇದರ ಹೆಸರಿನಲ್ಲಿ ಊರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಕಾಗಿಲ್ಲ. ಯುರೋಪು ತರುತ್ತಿರುವ ಎಟಿಯಾಸ್ ಎಂಬ ಇನ್ನೊಂದು ಮುಂಗಡ ಅನುಮತಿ ವೀಸಾ ಬೇಡದ ದೇಶಗಳವರಿಗಾಗಿ ಇರುವುದು. ವೀಸಾ ಪಡೆದೇ ಹೋಗುವ ಭಾರತೀಯರಿಗೆ ಅದು ಅನ್ವಯಿಸದು.

ಬಸ್ಸಿನ ತಂಡಕ್ಕೆ ಇದರ ಬಿಸಿ ಎಲ್ಲಿ ತಟ್ಟುತ್ತದೆ ಎಂಬುದು ದಾರಿಯನ್ನು ಅವಲಂಬಿಸಿದೆ. ನೇರವಾಗಿ ಪ್ಯಾರಿಸಿಗೋ ಜ್ಯೂರಿಕ್ಕಿಗೋ ಇಳಿಯುವವರು ವಿಮಾನ ನಿಲ್ದಾಣದಲ್ಲಿ ಒಮ್ಮೆ ಪರೀಕ್ಷೆ ಮುಗಿಸಿ ಬಸ್ಸು ಹತ್ತುತ್ತಾರೆ. ಲಂಡನ್ನಿನಲ್ಲಿ ಇಳಿದು ಅಲ್ಲಿಂದ ಬಸ್ಸಿನಲ್ಲಿ ಪ್ಯಾರಿಸಿಗೆ ಹೋಗುವ ಜನಪ್ರಿಯ ಯೋಜನೆಯಲ್ಲಿ ಬ್ರಿಟನ್ನಿನ ಬೇರೆ ವೀಸಾ ಬೇಕಾಗುವುದಲ್ಲದೆ, ಫ್ರಾನ್ಸಿನ ಗಡಿ ಪೊಲೀಸರು ಕಡಲ ಈಚೆಗೇ, ಬ್ರಿಟನ್ನಿನ ಡೋವರ್ ಬಂದರಿನಲ್ಲೇ ಕುಳಿತು ತಪಾಸಣೆ ನಡೆಸುತ್ತಾರೆ. ಎರಡು ದೇಶಗಳ ನಡುವೆ 2003ರಲ್ಲಿ ಆದ ಲ ತೂಕೆ ಒಪ್ಪಂದದ ಫಲ ಇದು. ಹೊಸ ವ್ಯವಸ್ಥೆ ಆರಂಭವಾದ ದಿನ ಡೋವರ್‌ನಲ್ಲಿ ಅದಕ್ಕೆ ಮೊದಲು ಒಳಪಟ್ಟದ್ದು ಖಾಸಗಿ ಕಾರುಗಳಲ್ಲ. ಸರಕಿನ ಲಾರಿಗಳು ಮತ್ತು ಪ್ರವಾಸಿ ಬಸ್ಸುಗಳು. ಒಬ್ಬೊಬ್ಬರಿಗೆ ಎರಡು ನಿಮಿಷವೆಂದು ಹಿಡಿದರೂ 45 ಜನರ ಬಸ್ಸಿಗೆ ಒಂದು ತಪಾಸಣಾ ಕಟ್ಟೆಯಲ್ಲಿ ಒಂದೂವರೆ ತಾಸು ಬೇಕು; ಮುಂದೆ ಇನ್ನೆರಡು ಬಸ್ಸುಗಳಿದ್ದರೆ ಹಡಗಿನ ಹೊತ್ತು ಮೀರುತ್ತದೆ. ಆ ದಿನದ ಮಾತ್ರೆಗಳು, ನೀರು, ಒಂದಿಷ್ಟು ಬುತ್ತಿ ಕೈಚೀಲದಲ್ಲೇ ಇರಬೇಕು. ಮಧುಮೇಹವಿರುವ ಹಿರಿಯರನ್ನು ಹಸಿದು ಸಾಲಿನಲ್ಲಿ ನಿಲ್ಲಿಸುವುದು ಅಪಾಯ.

ವಲಯದ ಒಳಗೆ ತಪಾಸಣೆ ಇಲ್ಲವೆಂದು ಪಾಸ್‌ಪೋರ್ಟನ್ನು ಬಸ್ಸಿನ ಹೊಟ್ಟೆಯ ಸೂಟ್‌ಕೇಸಿನಲ್ಲಿ ಹಾಕಿ ಮಲಗುವಂತಿಲ್ಲ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂಗಡಿಗಳಲ್ಲೂ ತಾತ್ಕಾಲಿಕ ತಪಾಸಣೆಯನ್ನು ಮತ್ತೆ ತಂದಿತು. ಬೇರೆ ಕೆಲವು ದೇಶಗಳೂ ಹಾಗೆ ಮಾಡಿವೆ. ಹೆದ್ದಾರಿಯ ಬದಿಯಲ್ಲಿ ಬಸ್ಸು ನಿಲ್ಲಿಸಿ ಪೊಲೀಸರು ಒಳಗೆ ಬಂದರೆ ಪ್ರತಿಯೊಬ್ಬರೂ ತಮ್ಮ ಪಾಸ್‌ಪೋರ್ಟನ್ನು ತಾವೇ ತೆಗೆದು ತೋರಿಸಬೇಕು. ಹಾಗೆಯೇ, ಪ್ಯಾರಿಸ್ ನೋಡಿ ಲಂಡನ್ನಿಗೆ ಹೋಗಿ ಮತ್ತೆ ಆಮ್‌ಸ್ಟರ್‌ಡ್ಯಾಮಿಗೆ ಬರುವ ಯೋಜನೆಯಿದ್ದರೆ ಒಂದೇ ಪ್ರವೇಶದ ವೀಸಾ ಸಾಲದು. ಲಂಡನ್ನಿಗೆ ಹೊರಟ ಕ್ಷಣಕ್ಕೇ ಅದು ಮುಗಿಯುತ್ತದೆ.

ದಿನಗಳ ಲೆಕ್ಕವನ್ನು ಹಿಂದೆ ಅಧಿಕಾರಿ ಠಸ್ಸೆಗಳನ್ನು ಹುಡುಕಿ ಮಾಡುತ್ತಿದ್ದ. ಈಗ ಅದನ್ನು ಗಣಕವೇ ಮಾಡುತ್ತದೆ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ವೀಸಾದಲ್ಲಿ ಇದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅಷ್ಟೇ ಮಿತಿ. ಮ್ಯೂನಿಕ್ಕಿನಲ್ಲಿ ಕೆಲಸದಲ್ಲಿರುವ ಮಗಳ ಬಾಣಂತನಕ್ಕೆಂದು 80 ದಿನ ಉಳಿದು, ಊರಿನಿಂದ ಬಂದ ತಂಡದ ಜೊತೆ 12 ದಿನ ಸುತ್ತಾಡಿದ ತಾಯಿ ಎರಡು ದಿನ ಮೀರಿರುತ್ತಾಳೆ. ಬಂದ ದಿನ, ಹೋದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆಂಬುದನ್ನು ಅವಳಿಗೆ ಮೊದಲೇ ಹೇಳುವವರು ಇರಬೇಕು.

ವೀಸಾದ ಮೂಲ ನಿಯಮಗಳು ಹಳೆಯವೇ. ಮರಳುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಅವಧಿ ಉಳಿದಿರುವ, ಎರಡು ಖಾಲಿ ಪುಟಗಳಿರುವ ಪಾಸ್‌ಪೋರ್ಟ್, 30,000 ಯೂರೋ ವೆಚ್ಚ ಭರಿಸುವ ಪ್ರವಾಸ ವಿಮೆ, 90 ಯೂರೋ ಶುಲ್ಕ. ಪ್ರವಾಸಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಈ ಭಾಗದವರು ಪಾಸ್‌ಪೋರ್ಟಿಗೆ ಹುಬ್ಬಳ್ಳಿಯ ಸೇವಾ ಕೇಂದ್ರವನ್ನೋ ಸುತ್ತಲಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳನ್ನೋ, ವೀಸಾದ ಬೆರಳಚ್ಚಿಗೆ ಸಾಮಾನ್ಯವಾಗಿ ಬೆಂಗಳೂರನ್ನೂ ಆಶ್ರಯಿಸಬೇಕಾದುದರಿಂದ, ಕಬ್ಬು ನುರಿಯುವ ಹಂಗಾಮಿಗೆ ಮೊದಲೇ ಪಾಸ್‌ಪೋರ್ಟ್ ಮುಗಿಸಿ, ಹಂಗಾಮು ಮುಗಿಯುತ್ತಲೇ ವೀಸಾ ಕೆಲಸ ಹಿಡಿದರೆ ಬೇಸಿಗೆಯ ಪ್ರವಾಸ ಸಲೀಸಾಗುತ್ತದೆ.

ದುಡಿದ ಕೈಗಳು ಮತ್ತು ಬೆರಳಚ್ಚು

ಬಯೋಮೆಟ್ರಿಕ್ ಎಂದರೆ ದೇಹದ ಅಳತೆ ಮತ್ತು ಗುರುತುಗಳಿಂದ ವ್ಯಕ್ತಿಯನ್ನು ಪತ್ತೆಹಚ್ಚುವ ವಿಧಾನ. ಬೆರಳತುದಿಯ ಚರ್ಮದ ಮೇಲಿನ ಏಣುಗೆರೆಗಳು ಹುಟ್ಟಿನಿಂದ ಕೊನೆಯವರೆಗೆ ಬದಲಾಗುವುದಿಲ್ಲವೆಂಬ ನಂಬಿಕೆಯ ಮೇಲೆ ಈ ಯಂತ್ರಗಳು ನಿಂತಿವೆ. ಆದರೆ ಆ ಗೆರೆಗಳು ಸವೆಯುತ್ತವೆ, ಮತ್ತು ಅವು ಹೇಗೆ ಸವೆಯುತ್ತವೆಂಬುದನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಕಣ್ಣಾರೆ ಕಾಣಬಹುದು. ರಬಕವಿ-ಬನಹಟ್ಟಿಯ ನೇಕಾರರು ಹಾಸಿನ ಎಳೆ ತುಂಡಾದಾಗ ಮಗ್ಗ ನಿಲ್ಲಿಸಿ, ತುಂಡಾದ ಎರಡು ತುದಿಗಳನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಹೊಸೆದು ಕೂಡಿಸುತ್ತಾರೆ. ದಿನಕ್ಕೆ ಎಷ್ಟೋ ಬಾರಿ, ವರ್ಷಗಟ್ಟಲೆ, ಯಂತ್ರ ಓದಬೇಕಾದ ಅದೇ ಎರಡು ಬೆರಳುಗಳ ಅದೇ ಜಾಗದಲ್ಲಿ ಆ ಹೊಸೆತ ನಡೆಯುತ್ತದೆ. ನೂಲಿಗೆ ಬಣ್ಣ ಹಾಕುವವರ ಕೈ ರಾಸಾಯನಿಕಗಳಲ್ಲಿ ನೆನೆಯುತ್ತದೆ. ಮುಧೋಳ, ಜಮಖಂಡಿಗಳ ಬೆಲ್ಲದ ಗಾಣಗಳಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸಲು ಸುಣ್ಣ ಬಳಸುತ್ತಾರೆ. ಅದು ಚರ್ಮವನ್ನು ತಿನ್ನುತ್ತದೆ. ಕಬ್ಬು ಕಡಿಯುವವರ ಅಂಗೈ ಸೀಳಿಕೊಂಡಿರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಮೂಡದೆ ಮರಳಿದ ಅನುಭವ ಇರುವವರು ಅದನ್ನು ಮುನ್ನೆಚ್ಚರಿಕೆಯೆಂದೇ ತಿಳಿಯಬೇಕು.

ಬೆರಳಚ್ಚಿನ ದಿನಕ್ಕೆ ಎರಡು ಮೂರು ವಾರ ಮೊದಲಿನಿಂದ ಸುಣ್ಣ, ಸಿಮೆಂಟು, ಬಣ್ಣಗಳಿಂದ ಕೈ ದೂರವಿಡುವುದು, ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಸವರುವುದು, ಆ ದಿನ ಮಾತ್ರ ಎಣ್ಣೆಯ ಜಿಡ್ಡಿಲ್ಲದಂತೆ ತೊಳೆದು ಒರೆಸಿಕೊಂಡು ಹೋಗುವುದು ಸರಳ ಉಪಾಯಗಳು. ಮದುವೆಯ ಹಂಗಾಮಿನಲ್ಲಿ ಬೆರಳತುದಿಗೆ ದಟ್ಟವಾಗಿ ಹಚ್ಚಿದ ಮೆಹಂದಿಯೂ ಯಂತ್ರಕ್ಕೆ ಅಡ್ಡಿಯಾಗಬಹುದು. ಗಾಯ ಅಥವಾ ಬ್ಯಾಂಡೇಜಿನಿಂದ ತಾತ್ಕಾಲಿಕವಾಗಿ ಅಚ್ಚು ಕೊಡಲಾಗದವರಿಗೂ, ಬೆರಳು ಕಳೆದುಕೊಂಡೋ ಗೆರೆಗಳು ಪೂರ್ಣ ಅಳಿದೋ ಎಂದಿಗೂ ಕೊಡಲಾಗದವರಿಗೂ ಯುರೋಪಿನ ನಿಯಮಗಳಲ್ಲಿ ವ್ಯತ್ಯಾಸವಿದೆ: ಮೊದಲಿನವರು ಅನಂತರ ಕೊಡಬೇಕು, ಎರಡನೆಯವರಿಗೆ ವಿನಾಯಿತಿ ಉಂಟು. ಅಂಥವರು ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡರೆ ಕಟ್ಟೆಯ ಮುಂದೆ ಕೈಸನ್ನೆಯಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ. ಸವೆದ ಬೆರಳು ಅಪರಾಧವಲ್ಲ. ಯಂತ್ರ ಕೆಂಪು ದೀಪ ತೋರಿಸಿದರೆ ಗಾಬರಿಗೊಳ್ಳದೆ, ಅಧಿಕಾರಿ ಹೇಳಿದಂತೆ ಇನ್ನೊಂದು ಬೆರಳಿಡಬಹುದೆಂದು ಊರಿನಲ್ಲಿಯೇ ಹಿರಿಯರಿಗೆ ತಿಳಿಹೇಳಬೇಕು.

ಮುಖದ ಚಿತ್ರಕ್ಕೆ ಗದ್ದದಿಂದ ಹಣೆಯವರೆಗೆ ಮುಖ ಕಾಣಬೇಕು. ತಲೆಯ ಮೇಲಿನ ಸೆರಗು ಹಣೆಗೆ ಇಳಿದಿದ್ದರೆ ಹಿಂದಕ್ಕೆ ಸರಿಸಬೇಕು, ಕನ್ನಡಕ ತೆಗೆಯಬೇಕಾಗಬಹುದು. ಬೆನ್ನು ಬಾಗಿದವರು ಯಂತ್ರದ ಕ್ಯಾಮೆರಾಕ್ಕೆ ನಿಲುಕದಿದ್ದರೆ ಅಧಿಕಾರಿ ಇರುವ ಕಟ್ಟೆಗೆ ಹೋಗಲು ಕೇಳಿಕೊಳ್ಳಬಹುದು. ಯಂತ್ರದ ಪರದೆಯಲ್ಲಾಗಲಿ ಅಧಿಕಾರಿಯ ಬಾಯಲ್ಲಾಗಲಿ ಕನ್ನಡವನ್ನು ನಿರೀಕ್ಷಿಸುವಂತಿಲ್ಲ. ಎಲ್ಲಿಗೆ, ಎಷ್ಟು ದಿನ, ಎಲ್ಲಿ ತಂಗುವುದು, ಯಾವಾಗ ಮರಳುವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರಗಳನ್ನೂ ಹೋಟೆಲುಗಳ ಹೆಸರು, ಮರಳುವ ವಿಮಾನದ ಸಂಖ್ಯೆಗಳನ್ನೂ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದ ಚೀಟಿಯೊಂದನ್ನು ಪ್ರತಿಯೊಬ್ಬರ ಕೊರಳಿಗೆ ತೂಗುಹಾಕುವುದು ಒಳ್ಳೆಯದು. ಹೊರಡುವ ಮುನ್ನ ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತು ಮನೆಯ ಕಿರಿಯರು ಅಧಿಕಾರಿಯಾಗಿ, ಹಿರಿಯರು ಪ್ರಯಾಣಿಕರಾಗಿ ಒಂದೆರಡು ಬಾರಿ ಅಭ್ಯಾಸ ಮಾಡಿದರೆ ಅಂಜಿಕೆ ಅರ್ಧ ಇಳಿಯುತ್ತದೆ.

ಬುತ್ತಿಯ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಳಿಗೆ ಯುರೋಪಿನಲ್ಲಿ ತಡೆಯಿಲ್ಲ. ತುಪ್ಪ, ಪೇಢೆ, ಖವೆ ಮೊದಲಾದ ಹಾಲಿನ ಪದಾರ್ಥಗಳನ್ನು ಹೊರಗಿನ ದೇಶಗಳಿಂದ ಪ್ರಯಾಣಿಕರು ತರುವುದಕ್ಕೆ ಅಲ್ಲಿ ನಿಷೇಧವಿದೆ. ಮಗಳಿಗೆಂದು ಮನೆಯ ತುಪ್ಪ ಕಾಯಿಸಿ ಡಬ್ಬಿ ತುಂಬಿದ ತಾಯಿಗೆ ಇದನ್ನು ಊರಿನಲ್ಲೇ ಹೇಳದಿದ್ದರೆ ಆ ಡಬ್ಬಿ ಸುಂಕದ ಕಟ್ಟೆಯ ಕಸದ ಬುಟ್ಟಿ ಸೇರುತ್ತದೆ.

ಮರಳುವಾಗಲೂ ತಪಾಸಣೆ ಉಂಟು, ಮತ್ತು ಅದನ್ನು ಹಗುರಾಗಿ ಎಣಿಸುವಂತಿಲ್ಲ. ಯುರೋಪಿನ ಗಣಕವು ಒಬ್ಬರ ದಾಖಲೆಯನ್ನು ಅವರು ಹೊರಟ ದಿನದಿಂದ 3 ವರ್ಷ ಇಟ್ಟುಕೊಳ್ಳುತ್ತದೆ. ಹೊರಟದ್ದು ದಾಖಲಾಗದಿದ್ದರೆ 5 ವರ್ಷ, ಮತ್ತು ಆ ಅವಧಿಯಲ್ಲಿ ಅವರು ಅಲ್ಲೇ ಉಳಿದುಬಿಟ್ಟವರೆಂದು ಲೆಕ್ಕವಾಗುತ್ತದೆ. ನಿದ್ದೆಗಣ್ಣಿನಲ್ಲಿ, ವಿಮಾನದ ಅವಸರದಲ್ಲಿ ತಂಡದ ಒಬ್ಬರು ತಪ್ಪು ಸಾಲಿನಿಂದ ನುಸುಳಿಹೋಗದಂತೆ ನೋಡಿಕೊಳ್ಳಲು ಮುಂದಾಳು ಎಲ್ಲರ ಹಿಂದೆ, ಕೊನೆಯವನಾಗಿ ದಾಟಬೇಕು. ಮರಳುವ ವಿಮಾನದ ಬೋರ್ಡಿಂಗ್ ಪಾಸನ್ನು ಬೆಂಗಳೂರಿನಲ್ಲಿ ಇಳಿದ ಕೂಡಲೇ ಎಸೆಯದೆ, ಹೊರಟದ್ದಕ್ಕೆ ಪುರಾವೆಯಾಗಿ ಪಾಸ್‌ಪೋರ್ಟಿನ ಹೊದಿಕೆಯೊಳಗೆ ಮಡಚಿ ಇಟ್ಟು, ಮುಂದಿನ ವೀಸಾ ಸಿಗುವವರೆಗೆ ಟ್ರಂಕಿನಲ್ಲಿ ಜೋಪಾನ ಮಾಡಬೇಕು.